ಎರಡನೇ ಗೇರ್ ಇಲ್ಲದ ಮಾವನ ಕಾರು

ಕೆಲವರ ಮನೆಯಲ್ಲಿ ಫಜೀತಿ ಹಬ್ಬಹುಣ್ಣಿಮೆಗೆ ಒಮ್ಮೆ ಆಗುತ್ತದೆ. ನಮ್ಮ ಮನೆಯಲ್ಲಿ ಕ್ಲಚ್ ಒತ್ತಿದಾಗಲೆಲ್ಲ ಆಗುತ್ತಿತ್ತು. ಗೋವಾದ ವಾಸ್ಕೊದಲ್ಲಿ, ಸಡಾದ ಗುಡ್ಡದ ಮೇಲೆ ನಮ್ಮ ಓಣಿಯಲ್ಲಿ ಬೆಳಿಗ್ಗೆ 'ಕರ್ರ್' ಅಂತ ಸದ್ದು ಕೇಳಿದರೆ ಜನ ಗಡಿಯಾರ ನೋಡುತ್ತಿರಲಿಲ್ಲ. "ಅಳಿಯಂದ್ರು ಡ್ಯೂಟಿಗೆ ಹೊಂಟ್ರು" ಅನ್ನುತ್ತಿದ್ದರು. ಅಳಿಯ ಅಂದರೆ ನಾನು. ಸದ್ದು ಮಾಡುತ್ತಿದ್ದದ್ದು ಮಾವನ ಕಾರು. ಅದು ನನ್ನ ಪಾಲಿಗೆ ಬಂದಾಗಿನಿಂದ ಇಂಥವು ಎಷ್ಟು ನಡೆದಿವೆಯೋ ಲೆಕ್ಕವಿಲ್ಲ. ನೆನಪಿಗೆ ಬಂದ ಕೆಲವನ್ನು ಹೇಳುತ್ತೇನೆ.

೧. ಆಸ್ತಿ ಹಂಚಿಕೆ

ನಮ್ಮ ಮಾವ ಬಾಗಲಕೋಟೆ ಕಡೆಯಿಂದ ಗೋವಾಕ್ಕೆ ಬಂದವರು. ಬಂದರಿನಲ್ಲಿ ಹಮಾಲಿ ಮಾಡಿ, ಆಮೇಲೆ ಲಾರಿ ಓಡಿಸಿ, ಕೊನೆಗೆ ಒಂದು ಹಳೆಯ ಡೀಸೆಲ್ ಕಾರು ಕೊಂಡರು. ಬಿಳಿ ಬಣ್ಣ, ಮೇಲೆ ಸಾಮಾನು ಕಟ್ಟುವ ಕ್ಯಾರಿಯರ್. ಅದಕ್ಕೆ ಅವರು ಮಕ್ಕಳಿಗಿಂತ ಹೆಚ್ಚು ಸಲ ನೀರು ಎರೆದಿದ್ದಾರೆ ಅಂತ ನನ್ನ ಹೆಂಡತಿ ಈಗಲೂ ಹೇಳುತ್ತಾಳೆ.

ಮಾವ ತೀರಿಕೊಂಡು ತಿಂಗಳಾದ ಮೇಲೆ ಕಾರು ಯಾರಿಗೆ ಅನ್ನುವ ಮಾತು ಬಂತು. ಹುಬ್ಬಳ್ಳಿಯಲ್ಲಿರುವ ಹೆಂಡತಿಯ ಅಣ್ಣ ಗಂಟಲು ಸರಿಮಾಡಿಕೊಂಡು, "ನಮ್ಮ ಮನಿ ಮುಂದ ಜಾಗ ಇಲ್ಲ ನೋಡ್ರಿ. ಮತ್ತ ಅಪ್ಪಗ ಅಳಿಯಾ ಅಂದ್ರ ಭಾಳ ಜೀವ" ಅಂದ. ಹೆಂಡತಿಯ ತಮ್ಮ, ಅಂದರೆ ನನ್ನ ಮೈದುನ, ಅಲ್ಲೇ ಇದ್ದ. ಅವನು ನಮ್ಮ ಜೊತೆಗೇ ಇರುವವನು, ಬಂದರಿನಲ್ಲಿ ಕೆಲಸ, ಮಹಾ ಸಂಕೋಚದ ಪ್ರಾಣಿ. ಅವನು ತಲೆ ಮಾತ್ರ ಆಡಿಸಿದ. ಮಾವನಿಗೆ ನನ್ನ ಮೇಲೆ ಜೀವ ಇದ್ದದ್ದು ಖರೇ. ಆದರೆ ಅವರು ನನ್ನನ್ನು ಪ್ರೀತಿಯಿಂದ ಕರೆದದ್ದೆಲ್ಲ ಆ ಕಾರು ತಳ್ಳುವುದಕ್ಕೆ.

ನಾನು ಅದನ್ನು ಮಾರಿಬಿಡಬೇಕೆಂದೇ ಇದ್ದೆ. ಮಾರುವ ಮೊದಲು ಒಂದು ಸಲ ಓಡಿಸಿ ನೋಡೋಣ ಅಂತ ಒಂದು ರವಿವಾರ ಬಾಗಿಲು ತೆಗೆದು ಕೂತೆ. ಮಾವ ಹೋದ ಮೇಲೆ ಹೊಸ್ತಿಲು ದಾಟದ ಅತ್ತೆ ಒಳಗಿನಿಂದ ಬಂದರು. ತಲೆ ಮೇಲೆ ಸೆರಗು ಎಳೆದುಕೊಂಡು, ಎಡಗಡೆ ಸೀಟಿನಲ್ಲಿ ಕೂತು, "ನಡ್ರಿ" ಅಂದರು.

ಒಂದನೇ ಗೇರ್ ಬಿತ್ತು. ಎರಡನೆಯದಕ್ಕೆ ಎಳೆದರೆ 'ಕರ್ರ್' ಅಂತ ಓಣಿಯ ನಾಯಿಗಳೆಲ್ಲ ಎದ್ದವು.

"ಅಳಿಯಂದ್ರ, ಎರಡನೇದಕ್ಕ ಯಾಕ ಕೈ ಹಚ್ಚಾಕತ್ತೀರಿ? ಅದು ಇಲ್ಲ."

"ಇಲ್ಲ ಅಂದ್ರ?"

"ನಮ್ಮ ಸಣ್ಣ ಮಗ ಹತ್ತನೇತ್ತ ಸಾಲ್ಯಾಗ ಇದ್ದಾಗ ಹೋತು. ಅವರು ಒಂದರಿಂದ ಸೀದಾ ಮೂರಕ್ಕ ಹೋಗತಿದ್ರು. ನಡುವ ದೇವರ ಹೆಸರು ಹೇಳಬೇಕು."

"ಯಾವ ದೇವರದ್ರಿ?"

"ಇಳಕಲ ಇದ್ರ ಯಾವ ದೇವರಾದ್ರೂ ನಡೀತೈತಿ. ಏರ ಇದ್ರ ಎಲ್ಲಾರನ್ನೂ ಕರೀರಿ."

ವಾಸ್ಕೊ ಮಾರ್ಕೆಟ್ಟಿನವರೆಗೆ ಇಳಿದು ಬಂದೆವು. ಅತ್ತೆ ದಾರಿಯುದ್ದಕ್ಕೂ ಹಡಗು ನೋಡಿದರು, ಹೂವು ಕೊಂಡರು, ಹೂವಿನವಳ ಜೊತೆ ಸಣ್ಣ ಜಗಳವನ್ನೂ ಮಾಡಿದರು. ಆ ದಿನ ರಾತ್ರಿ ಊಟದ ಹೊತ್ತಿಗೆ ಹೆಂಡತಿ ನನ್ನ ಕಿವಿಯಲ್ಲಿ, "ಅವ್ವ ಇವತ್ತ ಎರಡು ರೊಟ್ಟಿ ತಿಂದ್ಲು. ಗಾಡಿ ಮಾರಬ್ಯಾಡ್ರಿ" ಅಂದಳು. ಅವಳ ಕಣ್ಣು ತುಂಬಿತ್ತು. ಆಗಲಿ ಅಂದೆ. ದೊಡ್ಡ ತ್ಯಾಗವೇನಲ್ಲ. ಅಷ್ಟರಲ್ಲಿ, ಅದೇ ಮಧ್ಯಾಹ್ನ ಕೊಳ್ಳಲು ಬಂದಿದ್ದ ಮೂವರೂ ಎರಡನೇ ಗೇರ್ ಹಾಕಿ ನೋಡಿ, ನಮಸ್ಕಾರ ಹೇಳಿ ಹೋಗಿದ್ದರು.

೨. ಗಾಡಿಯ ಕೆಳಗಿನ ತಪಸ್ಸು

ಮಾವನ ಕಾಲದಿಂದ ಈ ಕಾರು ನೋಡಿಕೊಳ್ಳುತ್ತಿದ್ದ ಮೇಸ್ತ್ರಿ ಒಬ್ಬರಿದ್ದಾರೆ. ಗೋವಾದವರೇ, ಎಪ್ಪತ್ತರ ಹತ್ತಿರದ ವಯಸ್ಸು. ಚಿಖಲಿ ರಸ್ತೆಯಲ್ಲಿ ಹಲಸಿನ ಮರದ ಕೆಳಗೆ ಅವರ ಗ್ಯಾರೇಜು. ಅವರು ಕೊಂಕಣಿ ಅರ್ಧ, ಹಿಂದಿ ಅರ್ಧ ಮಾತಾಡುತ್ತಾರೆ. ನಾನು ಹಿಂದಿ ಅರ್ಧ, ಕನ್ನಡ ಅರ್ಧ. ಇಬ್ಬರಿಗೂ ಗೊತ್ತಿರುವ ಆ ಅರ್ಧದಲ್ಲಿ ನಮ್ಮ ವ್ಯವಹಾರ.

ಮೊದಲ ಸಲ ನಾನು ಹೋದಾಗ ಮಧ್ಯಾಹ್ನ ಒಂದೂವರೆ. ಗೋವಾದಲ್ಲಿ ಆ ಹೊತ್ತಿಗೆ ಯಾರನ್ನೂ ಕೆಲಸಕ್ಕೆ ಕರೆಯಬಾರದು ಅನ್ನುವ ಬುದ್ಧಿ ಇಷ್ಟು ವರ್ಷ ಇಲ್ಲಿದ್ದರೂ ನನಗೆ ಬಂದಿರಲಿಲ್ಲ. ಅವರು ನನ್ನನ್ನು ನೋಡಿದರು, ಕಾರನ್ನು ನೋಡಿದರು, ತಮ್ಮ ಗಡಿಯಾರವನ್ನೂ ನೋಡಿದರು. ಆಮೇಲೆ, "ಗೇರ್ ಬಾಕ್ಸ್ ಅಲ್ವಾ? ಕೆಳಗಿನಿಂದ ನೋಡಬೇಕು" ಅಂತ ಒಂದು ಗೋಣಿಚೀಲ ಹಾಸಿ, ಮಲಗಿ, ಗಾಡಿಯ ಕೆಳಗೆ ಸರಿದರು.

ನನಗೆ ಸಮಾಧಾನವಾಯಿತು. ಎಂಥ ಕರ್ತವ್ಯನಿಷ್ಠೆ! ಊಟದ ಹೊತ್ತು ಅನ್ನದೆ ಕೆಲಸಕ್ಕೆ ಇಳಿದರಲ್ಲ. ಅವರಿಗೆ ಸಹಾಯವಾಗಲಿ ಅಂತ ನಾನು ಬಿಸಿಲಲ್ಲೇ ಕುಕ್ಕರಗಾಲಲ್ಲಿ ಕೂತು, ಕಾರಿನ ಚರಿತ್ರೆ ಹೇಳತೊಡಗಿದೆ. ಎರಡನೇ ಗೇರ್ ಹೋದದ್ದು, ಮೂರನೆಯದು ಗುಂಡಿ ಬಂದರೆ ಹಾರಿ ನ್ಯೂಟ್ರಲ್‌ಗೆ ಬರುವುದು, ನಾಲ್ಕರಲ್ಲಿ ಜೇನು ಎದ್ದ ಹಾಗೆ ಗುಂಯ್ ಅನ್ನುವುದು, ಎಲ್ಲ ಹೇಳಿದೆ. ಅವರು ಕೆಳಗಿನಿಂದ ಒಮ್ಮೊಮ್ಮೆ "ಹ್ಞೂಂ" ಅನ್ನುತ್ತಿದ್ದರು.

ಅರ್ಧ ಗಂಟೆಯಾಯಿತು. ಸ್ಪ್ಯಾನರ್ ಬೇಕಾದೀತು ಅಂತ ಒಂದನ್ನು ಕೆಳಗೆ ಚಾಚಿದೆ. ಯಾರೂ ತೆಗೆದುಕೊಳ್ಳಲಿಲ್ಲ. ಬಗ್ಗಿ ನೋಡಿದರೆ ಮೇಸ್ತ್ರಿ ಎದೆ ಮೇಲೆ ಎರಡೂ ಕೈ ಇಟ್ಟುಕೊಂಡು ಗೊರಕೆ ಹೊಡೆಯುತ್ತಿದ್ದರು. ನಾನು ಇಷ್ಟು ಹೊತ್ತು 'ಹ್ಞೂಂ' ಅಂತ ತಿಳಿದದ್ದು ಅದನ್ನೇ.

ನಾಲ್ಕು ಗಂಟೆಗೆ ಅವರು ಎದ್ದು ಹೊರಗೆ ಬಂದು, ಮೈ ಮುರಿದು ಹೇಳಿದರು: "ಒಳ್ಳೆಯ ಗಾಡಿ. ಕೆಳಗೆ ತಂಪು ಇದೆ."

೩. ದಾರಿಯ ಮರ್ಯಾದೆ

ಸಾಂಕೋಲೆಯಲ್ಲಿ ಅತ್ತೆಯ ತಂಗಿಯ ಮೊಮ್ಮಗನಿಗೆ ಹೆಸರಿಡುವ ಕಾರ್ಯಕ್ರಮ. ನಮ್ಮ ಮನೆಯಲ್ಲಿ ಒಂದು ದೊಡ್ಡ ಕಟ್ಟಿಗೆಯ ತೊಟ್ಟಿಲಿದೆ. ಮನೆತನದ ಮಕ್ಕಳೆಲ್ಲ ಅದರಲ್ಲೇ ಮಲಗಿ ಬೆಳೆದವರು. ಅದನ್ನು ಕೊಟ್ಟು ಬರಬೇಕು ಅಂತ ಅತ್ತೆ ಹಟ ಹಿಡಿದರು. ಮೈದುನ ಅದನ್ನು ಕ್ಯಾರಿಯರ್ ಮೇಲೆ ಏರಿಸಿ ಹಗ್ಗ ಬಿಗಿದ. ಧೂಳು ಬೀಳಬಾರದು ಅಂತ ಹೆಂಡತಿ ಮೇಲೆ ಬಿಳಿ ಚಾದರ ಹೊದಿಸಿದಳು. ಒಳಗೆ ಜಾಗವಿಲ್ಲದ್ದರಿಂದ ಸೇವಂತಿಗೆಯ ಎರಡು ದೊಡ್ಡ ಹಾರಗಳನ್ನು ಆ ಚಾದರದ ಮೇಲೆಯೇ ಕಟ್ಟಿದೆವು.

ದಾಬೋಳಿ ದಾಟುವವರೆಗೆ ಎಲ್ಲ ಚಲೋ ಇತ್ತು. ಆಮೇಲೆ ಮೂರನೇ ಗೇರ್ ಬೀಳುವುದೂ ನಿಂತಿತು. ಒಂದರಿಂದ ಸೀದಾ ನಾಲ್ಕಕ್ಕೆ ಹೋಗಲು ಆಗದು, ಹಾಗಾಗಿ ಉಳಿದದ್ದು ಒಂದನೆಯದು ಮಾತ್ರ. ಅದರಲ್ಲೇ ನಿಧಾನವಾಗಿ ಸಾಗಿದೆವು. ರಸ್ತೆ ಸಣ್ಣದು, ಯಾರಿಗೂ ನಮ್ಮನ್ನು ದಾಟಲು ಆಗಲಿಲ್ಲ. ಹಿಂದೆ ಕಾರು, ಟೆಂಪೊ, ಬಸ್ಸು, ಸ್ಕೂಟರುಗಳ ದೊಡ್ಡ ಸಾಲು ಕಟ್ಟಿತು. ಆಶ್ಚರ್ಯವೆಂದರೆ ಯಾರೂ ಹಾರ್ನ್ ಹೊಡೆಯಲಿಲ್ಲ.

ರಸ್ತೆ ಬದಿಯಲ್ಲಿ ನಡೆದು ಬರುತ್ತಿದ್ದ ಒಬ್ಬ ಮುದುಕರು ನಿಂತು ಟೋಪಿ ತೆಗೆದರು. ಎದುರಿನ ಅಂಗಡಿಯ ಹೆಂಗಸು ಹಣೆ, ಎದೆ, ಭುಜ ಮುಟ್ಟಿಕೊಂಡು ಶಿಲುಬೆಯ ಗುರುತು ಮಾಡಿದಳು. ಬಸ್ ಸ್ಟಾಪಿನಲ್ಲಿ ಕೂತವರು ಎದ್ದು ನಿಂತರು. ಒಬ್ಬ ಪೊಲೀಸಪ್ಪ ಎದುರಿನ ಗಾಡಿಗಳನ್ನೆಲ್ಲ ತಡೆದು ನಮಗೆ ದಾರಿ ಬಿಟ್ಟುಕೊಟ್ಟ. ಮುಂದಿನ ಸೀಟಿನಲ್ಲಿದ್ದ ಅತ್ತೆ ಎಲ್ಲರಿಗೂ ಗಂಭೀರವಾಗಿ ಕೈ ಮುಗಿಯುತ್ತ ಬಂದರು.

ನನಗೆ ಸಂಗತಿ ತಿಳಿದಾಗ ಬೆವರು ಬಂತು. ಬಿಳಿ ಕಾರು, ಮೇಲೆ ಬಿಳಿ ಚಾದರ ಹೊದ್ದ ಉದ್ದನೆಯ ಪೆಟ್ಟಿಗೆಯಂಥದ್ದು, ಅದರ ಮೇಲೆ ಹಾರ, ಹಿಂದೆ ಗಾಡಿಗಳ ಮೆರವಣಿಗೆ!

ಸ್ಪೀಡ್ ಬ್ರೇಕರ್ ಹತ್ತಿರ ಒಬ್ಬರು ಕಿಟಕಿಗೆ ಬಗ್ಗಿ ಮೆಲ್ಲಗೆ, "ಕೋಣ್ ಗೆಲೊ?" ಅಂತ ಕೇಳಿದರು. ಯಾರು ಹೋದರು ಅಂತ.

ಸುಳ್ಳು ಹೇಳಲು ಮನಸ್ಸಾಗಲಿಲ್ಲ. ಕನ್ನಡದಲ್ಲೇ "ಮೂರನೇ ಗೇರ್" ಅಂದೆ. ಅವರು ಅದು ಯಾರದೋ ಹೆಸರು ಅಂತ ತಿಳಿದು, "ಪಾಪ, ಒಳ್ಳೆಯ ಮನುಷ್ಯ" ಅಂದುಬಿಟ್ಟರು.

ಸಾಂಕೋಲೆ ಮುಟ್ಟಿದ ಮೇಲೆ ಅತ್ತೆ ಇಳಿದವರೇ ತಂಗಿಗೆ ಹೇಳಿದ್ದು: "ದಾರ್‍ಯಾಗ ಮಂದಿ ಏನ್ ಮರ್ಯಾದಿ ಕೊಟ್ರವ್ವಾ! ಅವರು ಇದ್ದಾಗೂ ಇಷ್ಟ ಇರಲಿಲ್ಲ. ಅಳಿಯಂದ್ರು ಹಂಗ ಓಡಸ್ತಾರ ಗಾಡಿ."

೪. ಗೇಟ್ ಪಾಸ್

ನಾನು ವೆರ್ಣಾದ ಒಂದು ಕಾರ್ಖಾನೆಯಲ್ಲಿ ಸ್ಟೋರ್ ನೋಡಿಕೊಳ್ಳುತ್ತೇನೆ. ಕಂಪನಿಯ ಬಸ್ಸಿದೆ. ಆದರೂ ಆಗ ವಾರಕ್ಕೆರಡು ದಿನ ಕಾರು ಒಯ್ಯುತ್ತಿದ್ದೆ, ಯಾಕೆಂದರೆ "ನಿಂತ ಗಾಡಿ ಕೂತ ಬಿಡತೈತಿ" ಅನ್ನುವುದು ಅತ್ತೆಯ ಚಿಂತೆ.

ಮೂರನೇ ಗೇರ್ ಇನ್ನೂ ಇದ್ದಾಗಿನ ಮಾತು. ಒಂದು ಬೆಳಿಗ್ಗೆ ಗೇಟಿನ ಹೊರಗೆ ಗಾಡಿ ನಿಲ್ಲಿಸಿ ನ್ಯೂಟ್ರಲ್ ಮಾಡಲು ಎಳೆದರೆ ಗೇರಿನ ಕೋಲು ಬುಡಸಮೇತ ಕೈಗೆ ಬಂತು. ಡ್ಯೂಟಿಗೆ ಒಂದೇ ನಿಮಿಷ ಉಳಿದಿತ್ತು. ಅದನ್ನು ಊಟದ ಚೀಲಕ್ಕೆ ತುರುಕಿ ಒಳಗೆ ಓಡಿದೆ.

ಸಂಜೆ ಹೊರಗೆ ಬರುವಾಗ ಗೇಟಿನ ಗಾರ್ಡ್ ಚೀಲ ತೆರೆಸಿದ. ಉತ್ತರ ಭಾರತದ ಕಡೆಯವನು. ಹೊಸಬನಾದ್ದರಿಂದ ಬಹಳ ನಿಯತ್ತಿನವನು.

"ಇದೇನು?"

"ನನ್ನ ಕಾರಿನ ಗೇರ್ ಕೋಲು."

"ಬೆಳಿಗ್ಗೆ ಒಳಗೆ ತಂದದ್ದಕ್ಕೆ ಎಂಟ್ರಿ ಇದೆಯಾ?"

"ಇಲ್ಲ."

"ಅಂದರೆ ಇದು ಹೊರಗಿನಿಂದ ಬಂದಿಲ್ಲ. ಒಳಗಿನದೇ. ಒಳಗಿನದು ಕಂಪನಿಯದು."

"ಅಲ್ಲಪ್ಪ, ನಾವು ಪ್ಲಾಸ್ಟಿಕ್ ಬುಟ್ಟಿ ಮಾಡ್ತೀವಿ. ಗೇರ್ ಕೋಲು ಎಲ್ಲಿಂದ ಬರಬೇಕು?"

"ಅದನ್ನೇ ನಾನೂ ಕೇಳುತ್ತಿದ್ದೇನೆ."

ಹಾಗಾದರೆ ಹೊರಗಿನ ಕಾರು ನೋಡು, ಅದರಲ್ಲಿ ಕೋಲಿಲ್ಲ ಅಂದೆ. ಅವನು ಹೋಗಿ ಇಣುಕಿ ಬಂದು, "ಕೋಲಿಲ್ಲದ ಕಾರು ಇಲ್ಲಿಯವರೆಗೆ ಹೇಗೆ ಬಂತು?" ಅಂದ. ಅತ್ತೆಯ ಕೃಪೆಯಿಂದ ಎಂದು ಹೇಳಬೇಕೆನಿಸಿತು. ನನ್ನ ಹಿಂದೆ ಮನೆಗೆ ಹೊರಟ ನಲವತ್ತು ಮಂದಿಯ ಸಾಲು, ಹೊರಗೆ ಬಸ್ಸಿನ ಹಾರ್ನ್. ಕೊನೆಗೆ ಮ್ಯಾನೇಜರ್ ಬಂದರು. ಎಲ್ಲ ಕೇಳಿ, ನಗು ತಡೆದುಕೊಂಡು, "ಒಂದು ಗೇಟ್ ಪಾಸ್ ಮಾಡಿಕೊಡಿ, ಮುಗಿಸಿ" ಅಂದರು. ಗಾರ್ಡ್ ಕಾಗದ ತೆಗೆದು ಬರೆದುಕೊಂಡ: 'ಗೇರ್ ಕೋಲು, ಒಂದು. ಕಾರಣ, ರಿಪೇರಿ.' ನಾನು ಸಹಿ ಹಾಕಿ ಓಡಿದೆ.

ಒಂದು ತಿಂಗಳ ಮೇಲೆ ನನ್ನ ಮೇಜಿಗೆ ಒಂದು ಪತ್ರ ಬಂತು. ರಿಪೇರಿಗೆಂದು ಹೊರಗೆ ಹೋದ ಕಂಪನಿಯ ಗೇರ್ ಕೋಲು ಇನ್ನೂ ವಾಪಸ್ ಬಂದಿಲ್ಲ, ಒಯ್ದ ವ್ಯಕ್ತಿಯ ಮೇಲೆ ಸ್ಟೋರಿನವರು ತಕ್ಷಣ ಕ್ರಮ ತೆಗೆದುಕೊಳ್ಳಬೇಕು ಅಂತ. ಸ್ಟೋರಿನವನು ನಾನೇ. ನನ್ನನ್ನು ನಾನೇ ಕರೆಸಿ, ಚಹಾ ಕುಡಿಸಿ, ಎಚ್ಚರಿಕೆ ಕೊಟ್ಟು ಕಳಿಸಿದೆ.

೫. ಕಳ್ಳ ಮೇಸ್ತ್ರಿ

ಮೂರನೇ ಗೇರೂ ಹೋದ ಮೇಲೆ ಬೇರೆ ದಾರಿ ಇರಲಿಲ್ಲ. ಗೇರ್ ಬಾಕ್ಸ್ ಬಿಚ್ಚಿಸಲೇಬೇಕಾಯಿತು. ಆ ದಿನ ಅತ್ತೆಯೂ ಗ್ಯಾರೇಜಿಗೆ ಬಂದರು. ಒಳಗೊಳಗೇ ಹೆದರಿದ್ದರು ಅಂತ ಕಾಣುತ್ತದೆ. ಹಲಸಿನ ಮರದ ಕೆಳಗೆ ಸ್ಟೂಲ್ ಹಾಕಿಕೊಂಡು, ಆಸ್ಪತ್ರೆಯಲ್ಲಿ ಆಪರೇಷನ್ ಥಿಯೇಟರಿನ ಹೊರಗೆ ಕೂತ ಹಾಗೆ ಕೈ ಹಿಸುಕಿಕೊಳ್ಳುತ್ತ ಕೂತರು.

ಮೇಸ್ತ್ರಿ ಬಾಕ್ಸ್ ಇಳಿಸಿ ಮುಚ್ಚಳ ತೆಗೆದರು. ಒಳಗೆ ಎಣ್ಣೆಯ ಬದಲು ಕಪ್ಪು ಹಿಟ್ಟಿನಂಥದ್ದು ತುಂಬಿತ್ತು. ಬೆರಳಲ್ಲಿ ತೆಗೆದು ಮೂಸಿದರು. ಮುಖ ಕೆಂಪಾಯಿತು.

"ಮರದ ಪುಡಿ!" ಅಂತ ಕೂಗಿದರು. "ಗೇರ್ ಸದ್ದು ಮಾಡಬಾರದು ಅಂತ ಯಾವನೋ ಎಣ್ಣೆಯಲ್ಲಿ ಮರದ ಪುಡಿ ಕಲಸಿ ಹಾಕಿದ್ದಾನೆ. ಇದು ಮೇಸ್ತ್ರಿ ಮಾಡುವ ಕೆಲಸವೇ? ಇಂಥ ಕಳ್ಳರಿಂದಲೇ ನಮ್ಮ ಹೆಸರು ಕೆಡುವುದು. ಅವನ ಕೈಗೆ ಸ್ಪ್ಯಾನರ್ ಕೊಟ್ಟವನು ಯಾರು?"

ಹತ್ತು ನಿಮಿಷ ಬೈದರು. ಕೊಂಕಣಿಯಲ್ಲಿ ಶುರುಮಾಡಿ, ಸಾಕಾಗದೆ ಹಿಂದಿಗೆ ಬಂದರು. ಅತ್ತೆ ಎಲ್ಲ ಕೇಳಿಸಿಕೊಂಡು ನನ್ನ ಕಡೆ ತಿರುಗಿ, "ಏನ್ ಅನ್ನಾಕತ್ತಾರ?" ಅಂದರು. ಹೇಳಿದೆ.

"ಅಯ್ಯ, ಅದನ್ನ ಹಾಕಿದಾವ್ರು ಇವರ ಅಲ್ಲೇನ್ರಿ! ನಾನೂ ಇದ್ದೆ. ಬಾಜೂ ಬಡಿಗ್ಯಾರ ಅಂಗಡಿಯಿಂದ ಒಂದು ಡಬ್ಬಿ ತುಂಬಿ ತಂದಿದ್ರು. ಹನ್ನೆರಡು ವರ್ಷ ಆತು."

ನಾನು ಅಳುಕುತ್ತಲೇ ಅದನ್ನು ಹಿಂದಿಗೆ ಇಳಿಸಿದೆ. ಮೇಸ್ತ್ರಿ ಬೆರಳಲ್ಲಿದ್ದ ಪುಡಿಯನ್ನು ಇನ್ನೊಮ್ಮೆ, ಈ ಸಲ ಗೌರವದಿಂದ ಮೂಸಿದರು.

"ಅದಕ್ಕೇ ಹನ್ನೆರಡು ವರ್ಷ ನಡೆದಿದೆ" ಅಂದರು.

೬. ಹೆಣ್ಣು ನೋಡಿದ್ದು

ಮೇಸ್ತ್ರಿ ಹದಿನೈದು ದಿನ ತೆಗೆದುಕೊಂಡು, ಗುಜರಿಯಿಂದ ಹಲ್ಲಿನ ಚಕ್ರಗಳನ್ನು ಹುಡುಕಿ ತಂದು, ಮುಂದೆ ಹೋಗುವ ನಾಲ್ಕೂ ಗೇರುಗಳನ್ನು ಸರಿಮಾಡಿದರು. ಎರಡನೇ ಗೇರ್ ಬಿದ್ದ ದಿನ ಅತ್ತೆ ಓಣಿಗೆಲ್ಲ ಸಕ್ಕರೆ ಹಂಚಿದರು. ರಿವರ್ಸ್‌ದ್ದು ಒಂದು ಚಕ್ರ ಮಾತ್ರ ಎಲ್ಲೂ ಸಿಗಲಿಲ್ಲ. ಹಳೆಯದನ್ನೇ ಉಜ್ಜಿ ಕೂರಿಸಿದರು. ಅದು ಮನಸ್ಸಿದ್ದರೆ ಬೀಳುತ್ತಿತ್ತು, ಇಲ್ಲದಿದ್ದರೆ ಇಲ್ಲ.

ಆ ಹೊತ್ತಿಗೆ ಮೈದುನನಿಗೆ ಹೆಣ್ಣು ಹುಡುಕುತ್ತಿದ್ದೆವು. ನಾಲ್ಕು ಕಡೆ ಹೋಗಿ ಬಂದಿದ್ದೆವು. ನಾಲ್ಕೂ ಕಡೆ ಹುಡುಗ ತಲೆ ಎತ್ತಿಲ್ಲ, ಬಾಯಿ ಬಿಟ್ಟಿಲ್ಲ. "ಹುಡುಗಗ ಮಾತ ಬರತಾವಲ್ರೀ?" ಅಂತ ಒಬ್ಬರು ಫೋನ್ ಮಾಡಿ ಕೇಳಿದ್ದರು. ಅತ್ತೆಗೆ ಇದೇ ಕೊರಗು. ತಂದೆ ಇಲ್ಲದ ಹುಡುಗ, ಒಂದು ಮನೆ ಆದರೆ ಸಾಕು ಅನ್ನುತ್ತಿದ್ದರು.

ಐದನೆಯ ಹೆಣ್ಣು ವೆರ್ಣಾದ ಹತ್ತಿರ. ವಿಜಯಪುರದ ಕಡೆಯವರು, ವಠಾರದಂಥ ಚಾಳಿನಲ್ಲಿ ಮನೆ. ಓಣಿ ಎಷ್ಟು ಇಕ್ಕಟ್ಟೆಂದರೆ ಕಾರು ಹೋದರೆ ಆಕಳು ನಿಲ್ಲಬೇಕು. ಓಣಿಯ ಕೊನೆಗೆ ಗೋಡೆ. ನಾನು ಕಾರನ್ನು ಗೋಡೆಗೆ ಮೂಗು ಹಚ್ಚಿ ನಿಲ್ಲಿಸಿದೆ.

ಒಳಗೆ ಕೂತೆವು. ಉಪ್ಪಿಟ್ಟು ಆಯಿತು. ಹುಡುಗಿ ಚಹಾದ ತಾಟು ಹಿಡಿದು ಬಂದಳು. ಮೈದುನ ತನ್ನ ಹೆಬ್ಬೆರಳನ್ನೇ ನೋಡುತ್ತಿದ್ದ. ಅಷ್ಟರಲ್ಲಿ ಹೊರಗೆ ಭೋಂ ಅಂತ ಹಾರ್ನ್. ನಾಲ್ಕು ದಿನದ ಮೇಲೆ ಓಣಿಗೆ ನೀರಿನ ಟ್ಯಾಂಕರ್ ಬಂದಿತ್ತು. ಅದು ನಿಲ್ಲಬೇಕಾದ ಜಾಗ ಗೋಡೆಯ ಹತ್ತಿರವೇ. ಅಲ್ಲಿ ನಮ್ಮ ಕಾರು! ಕೊಡ, ಬಕೀಟು, ಡ್ರಮ್ ಹಿಡಿದು ಓಣಿಗೆ ಓಣಿಯೇ ಹೊರಗೆ ಬಂದು ನಿಂತಿತು. "ಯಾರದ್ರೀ ಇದು ಗಾಡಿ?"

ನಾನು ಓಡಿದೆ. ಟ್ಯಾಂಕರಿನವನು ಗೊಣಗುತ್ತ ಹಿಂದೆ ಸರಿದು ಜಾಗ ಮಾಡಿಕೊಟ್ಟ. ನಾನು ರಿವರ್ಸ್ ಹಾಕಿದೆ. ಕರ್ರ್. ಮತ್ತೆ ಹಾಕಿದೆ. ಕರ್ರ್. ಗೋಡೆ ಮತ್ತು ಬಾನೆಟ್ ನಡುವೆ ಜಾಗವಿಲ್ಲದ್ದರಿಂದ ತಳ್ಳಲೂ ಆಗದು. ಹಿಂದಿನಿಂದ ಎಳೆಯಲು ಹೋದರೆ ಓಣಿ ಏರು. ಹುಡುಗಿಯ ಅಪ್ಪ ಹಿಂದಿನ ಬಂಪರ್ ಹಿಡಿದು ಎಳೆಯತೊಡಗಿದರು. ಹೆಣ್ಣು ಕೇಳಲು ಬಂದವರು ಬೀಗರಾಗುವವರಿಂದ ಗಾಡಿ ಎಳೆಸುವುದು ಅಂದರೆ! ಅತ್ತೆ ಬಾಗಿಲಲ್ಲಿ ನಿಂತು ಕಣ್ಣು ಮುಚ್ಚಿಕೊಂಡರು. ಇದೂ ಹೋಯಿತು ಅಂತ ನನಗೂ ಖಾತ್ರಿಯಾಯಿತು.

ಆಗ ಹುಡುಗಿ ಹೊರಗೆ ಬಂದಳು. ಚಹಾದ ತಾಟು ಇನ್ನೂ ಕೈಯಲ್ಲೇ ಇತ್ತು. ಎದುರಿಗೆ ಯಾರಿದ್ದಾರೆ ಅಂತ ನೋಡದೆ, "ಇದನ್ನ ಸ್ವಲ್ಪ ಹಿಡೀರಿ" ಅಂತ ಮೈದುನನ ಕೈಗೆ ಕೊಟ್ಟು, ಸೆರಗು ಸೊಂಟಕ್ಕೆ ಸಿಗಿಸಿ, ನನ್ನ ಕಿಟಕಿಗೆ ಬಂದಳು.

"ಇಳೀರಿ ಅಣ್ಣಾರ. ನಾ ನೋಡತೇನಿ."

"ನಿನಗ ಬರತೈತೇನವ್ವಾ?"

"ಕಂಪನ್ಯಾಗ ಫೋರ್ಕ್‌ಲಿಫ್ಟ್ ಓಡಸ್ತೇನ್ರಿ. ನಮ್ದು ಅರ್ಧ ಡ್ಯೂಟಿ ರಿವರ್ಸ್‌ನ್ಯಾಗ ಇರತೈತಿ."

ಇಳಿದೆ. ಅವಳು ಕೂತಳು. ಕ್ಲಚ್ ಎರಡು ಸಲ ಒತ್ತಿದಳು. ಮೊದಲು ನಾಲ್ಕನೇ ಗೇರಿಗೆ ಹಾಕಿ, ಅಲ್ಲಿಂದ ಮೆತ್ತಗೆ ಎಳೆದಳು. ಟಕ್. ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ ರಿವರ್ಸ್ ಬಿತ್ತು. ಓಣಿಯ ಹೆಂಗಸರು ಕೊಡ ಬಡಿದರು. ಹಿಂದೆ ದಾರಿ ತೋರಿಸಲು ಯಾರೂ ಇರಲಿಲ್ಲ. ಮೈದುನನೇ ತಾಟು ಹಿಡಿದುಕೊಂಡು ಹೋಗಿ ಕಾರಿನ ಬೆನ್ನಿಗೆ ನಿಂತ. ಹುಟ್ಟಿದಾಗಿನಿಂದ ಗಟ್ಟಿಯಾಗಿ ಮಾತಾಡದವನು, "ಬರ್ಲಿ, ಬರ್ಲಿ, ಬರ್ಲಿ" ಅಂತ ಕೂಗತೊಡಗಿದ. ಅವಳು ಆಕ್ಸಲರೇಟರ್ ಒತ್ತಿದಳು. ಹಳೆಯ ಡೀಸೆಲ್ ಎಂಜಿನ್ ಒಂದು ದೊಡ್ಡ ಕರಿಮೋಡ ಬಿಟ್ಟಿತು. ಮೈದುನ ಅದರೊಳಗೆ ಮಾಯವಾದ. ಮೋಡದ ಒಳಗಿನಿಂದ "ಬರ್ಲಿ" ಅನ್ನುವ ಧ್ವನಿ ಮಾತ್ರ ಬರುತ್ತಿತ್ತು.

ಕಾರು ಓಣಿಯ ಬಾಯಿಗೆ ಬಂದು ನಿಂತಿತು. ಟ್ಯಾಂಕರ್ ಒಳಗೆ ಹೋಯಿತು. ಹುಡುಗಿ ಇಳಿದು, ಕೈ ಝಾಡಿಸಿಕೊಂಡು, ಹಿಂದೆಯೇ ನಡೆದು ಬಂದಿದ್ದ ಅತ್ತೆಗೆ ಹೇಳಿದಳು: "ಗಾಡಿ ಚಲೋ ಐತ್ರಿ. ಹುಡುಗನ್ನ ಇನ್ನೂ ನೋಡಿಲ್ಲ. ಎಲ್ಲಿ ಅದಾರ?"

ಹೊಗೆಯ ಒಳಗಿನಿಂದ ಕೆಮ್ಮುತ್ತ ಒಬ್ಬ ಬಂದ. ಮುಖ, ಅಂಗಿ, ಕೂದಲು ಎಲ್ಲ ಕಪ್ಪು. ತಾಟಿನ ಚಹಾವೂ ಕಪ್ಪು. ಆದರೆ ಒಂದು ಕಪ್ಪೂ ಚೆಲ್ಲಿರಲಿಲ್ಲ.

ಆಮೇಲೆ ಅವನು ಮುಖ ತೊಳೆದು ಬಂದ. ಇಬ್ಬರನ್ನೂ ಒಳಗಿನ ಕೋಣೆಯಲ್ಲಿ ಐದು ನಿಮಿಷ ಮಾತಾಡಲು ಬಿಟ್ಟೆವು. ಹೊರಗೆ ಬಂದಾಗ ಇಬ್ಬರೂ ನಗುತ್ತಿದ್ದರು. ಎರಡು ತಿಂಗಳಿಗೆ ಮದುವೆಯೂ ಆಯಿತು. ಅತ್ತೆ ಕಾರನ್ನು ನನ್ನ ಕೈಯಿಂದ ಬಿಡಿಸಿ ಸೊಸೆಗೇ ಕೊಟ್ಟರು. ಈಗ ದಿನಾ ಬೆಳಿಗ್ಗೆ ಅವಳು ಅತ್ತೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾರ್ಕೆಟ್ಟಿಗೆ ಹೋಗುತ್ತಾಳೆ. ನಾನು ಕಂಪನಿ ಬಸ್ಸಿನಲ್ಲಿ ಹಾಯಾಗಿ ನಿದ್ದೆ ಮಾಡುತ್ತೇನೆ.

ಆ ಐದು ನಿಮಿಷದಲ್ಲಿ ಒಳಗೆ ಏನು ಮಾತಾಯಿತು ಅಂತ ಎಷ್ಟು ಕೇಳಿದರೂ ಮೈದುನ ಬಾಯಿ ಬಿಟ್ಟಿರಲಿಲ್ಲ. ಮೊನ್ನೆ ತಾನಾಗಿಯೇ ಹೇಳಿದ.

"ಡ್ರೈವಿಂಗ್ ಬರತೈತೇನ್ರಿ ಅಂತ ಕೇಳಿದ್ಲು, ಭಾವ."

"ನೀ ಏನಂದಿ?"

"ಬರಂಗಿಲ್ಲ ಅಂದೆ."

"ಅದಕ್ಕ?"

"'ಚಲೋ ಆತು. ಹಂಗಾರ ಗಾಡಿ ನಾ ನೋಡಕೋತೇನಿ, ಚಾ ನೀವು ನೋಡಕೋರಿ' ಅಂದ್ಲು."